ಶುಂಠಿ ಮತ್ತು ಕ್ಯಾನ್ಸರ್: ‘ಹತ್ತು ಸಾವಿರ ಪಟ್ಟು’ ಲೆಕ್ಕದ ವೋಚರ್ ಎಲ್ಲಿದೆ?



ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೇನೆ. ಕ್ಯಾನ್ಸರ್ ಬಗ್ಗೆ ಬರೆಯಲು ಕಾಮರ್ಸ್‌ನವರಿಗೆ ಏನು ಕೆಲಸ ಎಂದು ಸೈನ್ಸ್ ವಿಭಾಗದ ಗೆಳೆಯರು ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆ ಗಂಗಾವತಿಯಲ್ಲಿ. ನನ್ನ ಖಾಲಾ, ಅಂದರೆ ಅಮ್ಮಿಯ ಅಕ್ಕ, ಕುಷ್ಟಗಿಯಲ್ಲಿ ಇರುತ್ತಾರೆ. ಅವರಿಗೆ ಚಿಕ್ಕ ವಯಸ್ಸಿನಿಂದ ಎಲೆ ಅಡಿಕೆ ಜೊತೆ ತಂಬಾಕು ಹಾಕಿಕೊಳ್ಳುವ ಅಭ್ಯಾಸ. ಹೋದ ವರ್ಷ ಅವರ ಕೆನ್ನೆಯ ಒಳಗೆ ಒಂದು ಹುಣ್ಣಾಯಿತು, ವಾಸಿಯಾಗಲಿಲ್ಲ. ಅದೇ ದಿನಗಳಲ್ಲಿ ನನ್ನ ಮೊಬೈಲಿಗೆ ಒಂದು ವಾಟ್ಸಾಪ್ ಸಂದೇಶ ಬಂತು. ‘ಶುಂಠಿ ಕಿಮೋಗಿಂತ 10,000 ಪಟ್ಟು ಶಕ್ತಿಶಾಲಿ. ಡಾಕ್ಟರುಗಳು ಇದನ್ನು ಮುಚ್ಚಿಡುತ್ತಾರೆ’ ಎಂದು ಅದರಲ್ಲಿತ್ತು. ನಾನು ಅದನ್ನು ಪೂರ್ತಿ ಓದಲೂ ಇಲ್ಲ. ಒಳ್ಳೆಯದೇ ಇರಬೇಕು ಎಂದುಕೊಂಡು ಖಾಲಾಗೆ ಕಳಿಸಿದೆ. ಹೌದು, ಕಳಿಸಿದ್ದು ನಾನೇ.

ಖಾಲಾ ಎರಡು ತಿಂಗಳು ದಿನವೂ ಸೋಂಠ್ ಪುಡಿಯನ್ನು ಜೇನಿನಲ್ಲಿ ಕಲಸಿ ತಿಂದರು. ಹುಣ್ಣಿಗೆ ಉರಿಯುತ್ತಿತ್ತು. ‘ಔಷಧಿ ಕೆಲಸ ಮಾಡ್ತಾ ಇದೆ, ಅದಕ್ಕೇ ಉರೀತದ’ ಎಂದು ತಡೆದುಕೊಂಡರು. ಬಾಯಿ ತೆರೆಯಲು ಕಷ್ಟವಾದ ಮೇಲೆ ಮಾಮೂ ಡಾಕ್ಟರ ಬಳಿ ಕರೆದುಕೊಂಡು ಹೋದರು. ಬಯಾಪ್ಸಿಯಲ್ಲಿ ಬಾಯಿ ಕ್ಯಾನ್ಸರ್ ಎಂದು ಬಂತು. ‘ಎರಡು ತಿಂಗಳ ಮುಂಚೆ ಬಂದಿದ್ರೆ ಆಪರೇಷನ್ ಇನ್ನೂ ಸಣ್ಣದರಲ್ಲಿ ಮುಗೀಬಹುದಿತ್ತು’ ಎಂದರು ಡಾಕ್ಟರು. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ಆ ಮೇಲೆ ನಾನು ಸಂದೇಶದ ಮೂಲ ಹುಡುಕಲು ಕೂತೆ. ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಡಂ ಮತ್ತು ಯಲಬುರ್ಗಾದಿಂದ ಬರುವ ಸೈನ್ಸ್ ವಿಭಾಗದ ಗೆಳತಿ ಸಹಾಯ ಮಾಡಿದರು. ಅಕೌಂಟೆನ್ಸಿಯಲ್ಲಿ ನಮಗೆ ಮೊದಲು ಕಲಿಸುವುದು ಒಂದೇ ಮಾತು: ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಈ ‘10,000 ಪಟ್ಟು’ ಎಂಬ ಎಂಟ್ರಿಗೆ ವೋಚರ್ ಇದೆಯೇ? ಇದೆ. ಆದರೆ ಅದರಲ್ಲಿ ಬರೆದಿರುವುದು ಬೇರೆ.

ಶುಂಠಿಯಲ್ಲಿ ಏನಿದೆ?

ಮನೆಯಲ್ಲಿ ನಾವು ಹಸಿಯದಕ್ಕೆ ಅದ್ರಕ್, ಒಣಗಿದ್ದಕ್ಕೆ ಸೋಂಠ್ ಎನ್ನುತ್ತೇವೆ. ಉರ್ದುವಿನ ಸೋಂಠ್ ಮತ್ತು ಕನ್ನಡದ ಶುಂಠಿ ಎರಡೂ ಒಂದೇ ಸಂಸ್ಕೃತ ಪದದಿಂದ ಬಂದವು. ಅರಬ್ಬಿಯಲ್ಲಿ ಇದು ಝಂಜಬೀಲ್. ಪವಿತ್ರ ಕುರ್‌ಆನಿನ ಅಲ್ ಇನ್ಸಾನ್ ಅಧ್ಯಾಯದಲ್ಲಿ (76:17) ಸ್ವರ್ಗದ ಪಾನೀಯದ ವರ್ಣನೆಯಲ್ಲಿ ಈ ಹೆಸರು ಬರುತ್ತದೆ. ಅಲ್ಲಿ ಹೇಳಿರುವುದು ಸ್ವರ್ಗದ ಅನುಗ್ರಹದ ವಿಷಯ, ರೋಗಕ್ಕೆ ಔಷಧಿಯ ಚೀಟಿ ಅಲ್ಲ. ಆ ಆಯತ್ತಿನ ಹೆಸರು ಹೇಳಿ ಕ್ಯಾನ್ಸರ್ ಪುಡಿ ಮಾರುವವರು ಕಂಡರೆ ಇದನ್ನು ನೆನಪಿಡಿ.

ನಮ್ಮ ಜಿಲ್ಲೆಯಲ್ಲಿ ಶುಂಠಿ ಹೊಲಗಳು ಕಾಣುವುದು ಅಪರೂಪ. ಗಂಗಾವತಿ ಕಡೆ ಕಾಲುವೆ ನೀರಿನ ಭತ್ತ, ಕುಷ್ಟಗಿ ಯಲಬುರ್ಗಾ ಕಡೆ ಸಜ್ಜೆ, ಜೋಳ, ಕಡಲೆ. ಸಂತೆಗೆ ಬರುವ ಶುಂಠಿ ಹೊರಗಿನದು. ನಮ್ಮ ರಾಜ್ಯದಲ್ಲಿ ಹಾಸನ, ಶಿವಮೊಗ್ಗ, ಮೈಸೂರು, ಕೊಡಗು ಭಾಗಗಳಲ್ಲಿ ಅದನ್ನು ಹೆಚ್ಚು ಬೆಳೆಯುತ್ತಾರೆ.

ಹಸಿ ಶುಂಠಿಯ ಖಾರಕ್ಕೆ ಮುಖ್ಯ ಕಾರಣ ಜಿಂಜರಾಲ್ ಎಂಬ ರಾಸಾಯನಿಕ. ಮೆಣಸಿನಕಾಯಿಯ ಖಾರ ಕೊಡುವ ಕ್ಯಾಪ್ಸೈಸಿನ್‌ಗೆ ಇದು ರಚನೆಯಲ್ಲಿ ಹತ್ತಿರದ ಸಂಬಂಧಿ. ಶುಂಠಿಯನ್ನು ಒಣಗಿಸಿದಾಗ ಅಥವಾ ಕಾಯಿಸಿದಾಗ ಜಿಂಜರಾಲ್‌ನಿಂದ ಒಂದು ನೀರಿನ ಅಣು ಹೊರಟುಹೋಗಿ ಶೋಗಾಲ್ ಆಗುತ್ತದೆ. ಲೆಕ್ಕ ಹಾಕಿ ನೋಡಿ. 6-ಜಿಂಜರಾಲ್‌ನ ಒಂದು ಅಣುವಿನಲ್ಲಿ 17 ಇಂಗಾಲ, 26 ಜಲಜನಕ, 4 ಆಮ್ಲಜನಕ ಪರಮಾಣುಗಳಿವೆ. 6-ಶೋಗಾಲ್‌ನಲ್ಲಿ 17 ಇಂಗಾಲ, 24 ಜಲಜನಕ, 3 ಆಮ್ಲಜನಕ. ಕಳೆದರೆ ಉಳಿಯುವುದು 2 ಜಲಜನಕ, 1 ಆಮ್ಲಜನಕ, ಅಂದರೆ ನೀರು. ಜಪಾನಿ ಭಾಷೆಯಲ್ಲಿ ಶುಂಠಿಗೆ ‘ಶೋಗಾ’ ಎನ್ನುತ್ತಾರೆ, ಶೋಗಾಲ್ ಎಂಬ ಹೆಸರು ಅದರಿಂದ ಬಂತು. ಒಣ ಶುಂಠಿ ಹಸಿಯದಕ್ಕಿಂತ ಹೆಚ್ಚು ಖಾರ ಅನ್ನಿಸುವುದಕ್ಕೆ ಶೋಗಾಲ್ ಒಂದು ಕಾರಣ.

10,000 ಪಟ್ಟು: ವೋಚರ್ ಸಿಕ್ಕಿತು

ಈ ಸಂಖ್ಯೆ ಬಂದಿರುವುದು ನಮ್ಮ ಪಕ್ಕದ ಕೇರಳದಿಂದ. ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದ ವಿಜ್ಞಾನಿಗಳು 2015ರಲ್ಲಿ ಪ್ಲಾಸ್ ಒನ್ ಎಂಬ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ಸ್ತನ ಕ್ಯಾನ್ಸರ್‌ನ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಎರಡು ರೀತಿಯಲ್ಲಿ ಬೆಳೆಸಿದರು. ಒಂದು, ತಟ್ಟೆಯ ತಳದಲ್ಲಿ ಒಂದೇ ಪದರವಾಗಿ. ಇನ್ನೊಂದು, ಸಣ್ಣ ಉಂಡೆಗಳಾಗಿ. ಉಂಡೆಯಾಗಿ ಬೆಳೆಯುವ ಕೋಶಗಳು ಹೆಚ್ಚು ಹಟಮಾರಿಗಳು. ಚಿಕಿತ್ಸೆಯ ನಂತರ ಕ್ಯಾನ್ಸರ್ ಮತ್ತೆ ಬರಲು ಇಂಥ ಕೋಶಗಳೇ ಕಾರಣ ಇರಬಹುದು ಎಂದು ವಿಜ್ಞಾನಿಗಳು ಭಾವಿಸುತ್ತಾರೆ.

6-ಶೋಗಾಲ್ ಹಾಕಿದಾಗ ಎರಡೂ ಬಗೆಯ ಕೋಶಗಳು ಸತ್ತವು. ಟ್ಯಾಕ್ಸಾಲ್ ಎಂಬ ಕಿಮೋ ಔಷಧಿ ಒಂದೇ ಪದರದ ಕೋಶಗಳ ಮೇಲೆ ಚೆನ್ನಾಗಿ ಕೆಲಸ ಮಾಡಿತು. ಆದರೆ ಉಂಡೆಗಳ ಮೇಲೆ, ಶೋಗಾಲ್‌ಗಿಂತ 10,000 ಪಟ್ಟು ಹೆಚ್ಚು ಸಾಂದ್ರತೆಯಲ್ಲಿ ಕೊಟ್ಟರೂ, ಕೆಲಸ ಮಾಡಲಿಲ್ಲ. ಇಷ್ಟೇ ವಿಷಯ. ಒಂದು ಔಷಧಿ, ಒಂದು ಬಗೆಯ ಕ್ಯಾನ್ಸರ್ ಕೋಶ, ಅದೂ ಪ್ರಯೋಗಾಲಯದ ತಟ್ಟೆಯಲ್ಲಿ.

ಇದು ಒಳ್ಳೆಯ ಸಂಶೋಧನೆ. ವಿಜ್ಞಾನಿಗಳು ತಪ್ಪು ಹೇಳಿಲ್ಲ. ತಪ್ಪಾಗಿರುವುದು ಪೋಸ್ಟಿಂಗ್‌ನಲ್ಲಿ. ‘ತಟ್ಟೆಯ ಕೋಶ’ ಎಂಬ ಖಾತೆಗೆ ಹೋಗಬೇಕಾದ ಮೊತ್ತವನ್ನು ಯಾರೋ ‘ಮನುಷ್ಯ’ ಎಂಬ ಖಾತೆಗೆ ಹಾಕಿದರು. ಆಮೇಲೆ ನನ್ನಂಥವರು ಅದನ್ನು ಮುಂದಕ್ಕೆ ಕಳಿಸುತ್ತಾ ಹೋದರು.

ತಟ್ಟೆಯಿಂದ ಮನುಷ್ಯನವರೆಗೆ ಎಷ್ಟು ದೂರ?

ತಟ್ಟೆಯಲ್ಲಿ ಶೋಗಾಲ್ ನೇರವಾಗಿ ಕೋಶದ ಮೇಲೆ ಬೀಳುತ್ತದೆ. ನಾವು ತಿಂದ ಶುಂಠಿ ಹಾಗೆ ಹೋಗುವುದಿಲ್ಲ. ಕರುಳು ಮತ್ತು ಯಕೃತ್ತು ಅದನ್ನು ಬೇಗ ಬದಲಾಯಿಸಿ ಹೊರಹಾಕಲು ಸಿದ್ಧ ಮಾಡುತ್ತವೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 2008ರಲ್ಲಿ ಆರೋಗ್ಯವಂತರಿಗೆ ಶುಂಠಿ ಸಾರದ ಕ್ಯಾಪ್ಸೂಲ್ ಕೊಟ್ಟು ರಕ್ತ ಪರೀಕ್ಷಿಸಿದರು. 2 ಗ್ರಾಂ ಕೊಟ್ಟವರಲ್ಲೂ ಜಿಂಜರಾಲ್ ಮತ್ತು ಶೋಗಾಲ್ ಬಿಡಿಯಾಗಿ ಸಿಗಲಿಲ್ಲ. ಬೇರೆ ಅಣುಗಳ ಜೊತೆ ಕಟ್ಟಿಕೊಂಡ ರೂಪದಲ್ಲಿ ಮಾತ್ರ ಸಿಕ್ಕವು.

ಗಿಡದಿಂದ ಕ್ಯಾನ್ಸರ್ ಔಷಧಿ ಬರುವುದೇ ಇಲ್ಲವೇ? ಬರುತ್ತದೆ. ಸಂದೇಶದಲ್ಲಿ ಸೋತಂತೆ ತೋರಿಸಿದ ಟ್ಯಾಕ್ಸಾಲ್ ಕೂಡ ಒಂದು ಮರದ ತೊಗಟೆಯಿಂದಲೇ ಬಂದದ್ದು. ಪೆಸಿಫಿಕ್ ಯೂ ಎಂಬ ಮರದ ತೊಗಟೆಯನ್ನು ಅಮೆರಿಕದಲ್ಲಿ 1962ರಲ್ಲಿ ಸಂಗ್ರಹಿಸಿದರು. ಅದರಲ್ಲಿನ ಅಣುವಿನ ರಚನೆ 1971ರಲ್ಲಿ ಪ್ರಕಟವಾಯಿತು. ಪ್ರಾಣಿಗಳಲ್ಲಿ, ಆಮೇಲೆ ಮನುಷ್ಯರಲ್ಲಿ ಹಂತ ಹಂತವಾಗಿ ಪರೀಕ್ಷಿಸಿ, 1992ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅದನ್ನು ಬಳಸಲು ಅಲ್ಲಿ ಅನುಮತಿ ಸಿಕ್ಕಿತು. ತೊಗಟೆಯಿಂದ ಆಸ್ಪತ್ರೆಗೆ 30 ವರ್ಷ! ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪ, ಉರ್ದುವಿನ ಸದಾಬಹಾರ್, ಇದರಿಂದಲೂ ವಿನ್‌ಕ್ರಿಸ್ಟಿನ್ ಎಂಬ ರಕ್ತ ಕ್ಯಾನ್ಸರ್ ಔಷಧಿ ಬಂದಿದೆ. ಹಾಗಂತ ಯಾರೂ ಅದರ ಎಲೆ ಕಿತ್ತು ತಿನ್ನಬಾರದು, ಅದು ವಿಷ. ಗಿಡವೇ ಬೇರೆ, ಅದರಿಂದ ಶುದ್ಧ ಮಾಡಿ ಪ್ರಮಾಣ ಅಳೆದ ಔಷಧಿಯೇ ಬೇರೆ.

ಶುಂಠಿಯ ಅಣುಗಳು ಈ ದಾರಿಯಲ್ಲಿ ಇನ್ನೂ ಆರಂಭದ ಹಂತದಲ್ಲಿವೆ. ಯಾವುದೇ ಕ್ಯಾನ್ಸರನ್ನು ಶುಂಠಿ ವಾಸಿ ಮಾಡುತ್ತದೆ ಎಂದು ಮನುಷ್ಯರಲ್ಲಿ ಸಾಬೀತಾಗಿಲ್ಲ.

ಕ್ಯಾನ್ಸರ್ ಬರದಂತೆ ತಡೆಯುತ್ತದೆಯೇ?

ಇಲ್ಲಿ ನಮ್ಮ ಕರ್ನಾಟಕದ ಕೆಲಸವೂ ಇದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ವಿಜ್ಞಾನಿಗಳು 2007ರಲ್ಲಿ ಶುಂಠಿಯ ಫೀನಾಲಿಕ್ ಅಂಶಗಳು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ಪ್ರಯೋಗಾಲಯದಲ್ಲಿ ತಡೆಯುತ್ತವೆ ಎಂದು ತೋರಿಸಿದರು. ಹೊಟ್ಟೆಯ ಹುಣ್ಣಿಗೆ ಮುಖ್ಯ ಕಾರಣ ಈ ಬ್ಯಾಕ್ಟೀರಿಯಾ. ಇದನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಇದನ್ನು ಹೊಟ್ಟೆಯ ಕ್ಯಾನ್ಸರಿಗೆ ಕಾರಣ ಎಂದು ಪಟ್ಟಿಯಲ್ಲಿ ಸೇರಿಸಿದೆ. ಮೈಸೂರಿನ ಫಲಿತಾಂಶ ಆಸೆ ಹುಟ್ಟಿಸುತ್ತದೆ, ಆದರೆ ಅದೂ ಪ್ರಯೋಗಾಲಯದ್ದೇ. ಈ ಬ್ಯಾಕ್ಟೀರಿಯಾ ಇದ್ದವರಿಗೆ ಇಂದಿಗೂ ಚಿಕಿತ್ಸೆ ಡಾಕ್ಟರು ಕೊಡುವ ಆಂಟಿಬಯಾಟಿಕ್.

ಮನುಷ್ಯರಲ್ಲೂ ಸ್ವಲ್ಪ ಕೆಲಸ ನಡೆದಿದೆ. ಅದೇ ಮಿಷಿಗನ್ ತಂಡ 2011ರಲ್ಲಿ 30 ಜನರ ಮೇಲಿನ ಅಧ್ಯಯನ ಪ್ರಕಟಿಸಿತು. ಅರ್ಧ ಜನರಿಗೆ ದಿನಕ್ಕೆ 2 ಗ್ರಾಂ ಶುಂಠಿ, ಉಳಿದವರಿಗೆ ನೋಡಲು ಅದರಂತೆಯೇ ಇರುವ ಖಾಲಿ ಕ್ಯಾಪ್ಸೂಲ್, 28 ದಿನ. ಶುಂಠಿ ತೆಗೆದುಕೊಂಡವರ ದೊಡ್ಡ ಕರುಳಿನಲ್ಲಿ ಉರಿಯೂತದ ಒಂದು ಸೂಚಕ ಕಡಿಮೆಯಾಗಿತ್ತು. ಬಹಳ ಕಾಲದ ಉರಿಯೂತ ಕ್ಯಾನ್ಸರಿಗೆ ದಾರಿ ಮಾಡಬಹುದು, ಅದಕ್ಕೇ ಅವರು ಅದನ್ನು ಅಳೆದರು. ಆಮೇಲೆ ಕರುಳಿನ ಕ್ಯಾನ್ಸರ್ ಬರುವ ಅಪಾಯ ಹೆಚ್ಚಿರುವ 20 ಜನರಲ್ಲಿ ನೋಡಿದಾಗ ಆ ಸೂಚಕ ಅದೇ ರೀತಿ ಇಳಿಯಲಿಲ್ಲ. ಸೂಚಕ ಇಳಿಯುವುದೂ ಕ್ಯಾನ್ಸರ್ ತಡೆಯುವುದೂ ಒಂದೇ ಅಲ್ಲ ಎಂಬುದನ್ನೂ ಮರೆಯಬಾರದು.

ಶುಂಠಿ ನಿಜವಾಗಿ ಸಹಾಯ ಮಾಡಿದ ಜಾಗ

ಕಿಮೋ ಪಡೆದವರಿಗೆ ಬಹಳ ಕಾಡುವುದು ವಾಕರಿಕೆ. ಕಿಮೋ ಔಷಧಿಯಿಂದ ಕರುಳಿನ ಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕ ಬಿಡುತ್ತವೆ, ಅದು ಮೆದುಳಿಗೆ ವಾಂತಿಯ ಸುದ್ದಿ ಮುಟ್ಟಿಸುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಆಂಡಾನ್ಸೆಟ್ರಾನ್ ಈ ಸುದ್ದಿಯನ್ನು ತಡೆಯುತ್ತದೆ. ಜಿಂಜರಾಲ್ ಮತ್ತು ಶೋಗಾಲ್ ಕೂಡ ಅದೇ ಜಾಗದಲ್ಲಿ ಕೆಲಸ ಮಾಡುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ.

ದೆಹಲಿಯ ಏಮ್ಸ್ ಆಸ್ಪತ್ರೆಯ ವೈದ್ಯರು ಮೂಳೆ ಕ್ಯಾನ್ಸರ್ ಇರುವ 8ರಿಂದ 21 ವರ್ಷದ ಮಕ್ಕಳು ಮತ್ತು ಯುವಕರಲ್ಲಿ ಇದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಅವರಲ್ಲಿ ನಮ್ಮ ವಯಸ್ಸಿನವರೂ ಇದ್ದಾರೆ ಎಂದು ಓದಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಎಲ್ಲರಿಗೂ ಮಾಮೂಲಿ ವಾಂತಿ ಔಷಧಿ ಕೊಟ್ಟರು. ಅದರ ಜೊತೆಗೆ ಕೆಲವು ಸರದಿಗಳಲ್ಲಿ ಶುಂಠಿ ಪುಡಿ, ಉಳಿದವುಗಳಲ್ಲಿ ಖಾಲಿ ಪುಡಿ. ಖಾಲಿ ಪುಡಿ ಕೊಟ್ಟ 30 ಕಿಮೋ ಸರದಿಗಳ ಪೈಕಿ 28ರಲ್ಲಿ ಮಧ್ಯಮ ಅಥವಾ ತೀವ್ರ ವಾಕರಿಕೆ ಬಂತು. ಶುಂಠಿ ಕೊಟ್ಟ 27ರ ಪೈಕಿ 15ರಲ್ಲಿ ಮಾತ್ರ.

2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 576 ರೋಗಿಗಳ ಲೆಕ್ಕವಿದೆ. ದಿನಕ್ಕೆ ಅರ್ಧ ಗ್ರಾಂ, 1 ಗ್ರಾಂ, ಒಂದೂವರೆ ಗ್ರಾಂ ಎಂದು ಮೂರು ಪ್ರಮಾಣ ಕೊಟ್ಟಿದ್ದರು. ಮೊದಲ ದಿನದ ವಾಕರಿಕೆ ಕಡಿಮೆಯಾಯಿತು. ಹೆಚ್ಚು ಪ್ರಯೋಜನ ಕಂಡದ್ದು ಅರ್ಧ ಮತ್ತು 1 ಗ್ರಾಂನಲ್ಲಿ, ಒಂದೂವರೆಯಲ್ಲಿ ಅಲ್ಲ. ಜಾಸ್ತಿ ತಿಂದರೆ ಜಾಸ್ತಿ ಲಾಭ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎರಡೂ ಅಧ್ಯಯನಗಳಲ್ಲಿ ಶುಂಠಿ ಕೊಟ್ಟಿದ್ದು ಔಷಧಿಯ ಜೊತೆಗೆ, ಔಷಧಿಯ ಬದಲಿಗೆ ಅಲ್ಲ.

ಖಾಲಾಗೂ ಹೀಗೇ ಆಯಿತು. ಆಪರೇಷನ್ ಆದ ಮೇಲೆ ರೇಡಿಯೇಷನ್ ಮತ್ತು ಕಿಮೋ ಶುರುವಾಯಿತು. ಶುಂಠಿ ಕಷಾಯ ಕುಡಿಯಬಹುದೇ ಎಂದು ಅಮ್ಮಿ ಕೇಳಿದರು. ‘ಮಾತ್ರೆ ಬಿಡಬ್ಯಾಡ್ರಿ, ಜೊತೆಗೆ ತೆಳ್ಳಗೆ ಸ್ವಲ್ಪ ಕೊಡ್ರಿ’ ಎಂದರು ಡಾಕ್ಟರು. ಕೆಲವು ದಿನ ಹೊಟ್ಟೆಗೆ ಹಿತವಾಯಿತು. ರೇಡಿಯೇಷನ್‌ನಿಂದ ಬಾಯಿ ಹುಣ್ಣಾದಾಗ ಅದನ್ನೂ ನಿಲ್ಲಿಸಿ ಎಂದರು, ಖಾರ ಯಾವುದೂ ಬೇಡ ಎಂದರು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಪ್ಲೇಟ್‌ಲೆಟ್ ಕಡಿಮೆ ಇರುವವರು ಶುಂಠಿಯ ಕ್ಯಾಪ್ಸೂಲ್ ಅಥವಾ ಪುಡಿ ತೆಗೆದುಕೊಳ್ಳುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ನಮ್ಮ ತಾಲ್ಲೂಕುಗಳಿಗೆ ನಿಜವಾದ ತಡೆ ಯಾವುದು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ಗೋಡೆಯ ಮೂಲೆ ಕೆಂಪಾಗಿರುತ್ತದೆ. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧ ಇದೆ. ಆದರೂ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ತಂದು ಅಂಗೈಯಲ್ಲಿ ಕಲಸುತ್ತಾರೆ. ನಮ್ಮ ವಯಸ್ಸಿನವರೂ ಕಲಸುತ್ತಾರೆ. ತಂಬಾಕು ಕ್ಯಾನ್ಸರ್ ತರುತ್ತದೆ ಎಂದು ಎಲ್ಲರಿಗೂ ಗೊತ್ತು. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಇದು ತಟ್ಟೆಯ ಮಾತಲ್ಲ, ಮನುಷ್ಯರಲ್ಲಿ ನೋಡಿ ಹೇಳಿದ್ದು.

ಎರಡು ವಾರವಾದರೂ ವಾಸಿಯಾಗದ ಹುಣ್ಣು, ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಬಾಯಿ ತೆರೆಯಲು ಕಷ್ಟ, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೇ ಇದೆ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಡೆಯಲು ಎಚ್‌ಪಿವಿ ಲಸಿಕೆ ಇದೆ. ಖರ್ಚಿನ ಭಯಕ್ಕೂ ಒಂದು ದಾರಿಯಿದೆ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯ ಒಂದು ಕೇಂದ್ರ ನಮಗೆ ಹತ್ತಿರದ ಕಲಬುರಗಿಯಲ್ಲೂ ಇದೆ.

ಕಾಮರ್ಸ್‌ನವರಿಗೆ ಒಂದು ಮಾತು

ಬಿಸಿನೆಸ್ ಸ್ಟಡೀಸ್‌ನಲ್ಲಿ ಗ್ರಾಹಕರ ರಕ್ಷಣೆ ಪಾಠ ಓದುತ್ತೇವೆ. ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ ಮನೆಯವರು ಮನೆಯವರಿಗೆ ಪ್ರೀತಿಯಿಂದ ಕಳಿಸುವ ಸಂದೇಶವನ್ನು ಯಾವ ಕಾನೂನು ತಡೆಯುತ್ತದೆ? ಅದನ್ನು ನಾವೇ ತಡೆಯಬೇಕು.

ನೆನಪಿಡಬೇಕಾದ ಅಂಶಗಳು:

1. ಶುಂಠಿಯ ಅಣುಗಳು ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿವೆ. ಮನುಷ್ಯರಲ್ಲಿ ಕ್ಯಾನ್ಸರ್ ವಾಸಿ ಮಾಡಿದ್ದು ಸಾಬೀತಾಗಿಲ್ಲ.
2. ಕಿಮೋ ವಾಕರಿಕೆಗೆ, ಡಾಕ್ಟರನ್ನು ಕೇಳಿ, ಮಾತ್ರೆಗಳ ಜೊತೆಗೆ ಸ್ವಲ್ಪ ಶುಂಠಿ ಸಹಾಯ ಮಾಡಬಹುದು.
3. ಚಹಾದಲ್ಲಿ, ಸಾರಿನಲ್ಲಿ ಶುಂಠಿ ಎಂದಿನಂತೆ ಇರಲಿ. ಆಸ್ಪತ್ರೆಗೆ ಹೋಗುವ ದಿನವನ್ನು ಅದು ಮುಂದೂಡಬಾರದು.
4. ‘ಇಷ್ಟು ಪಟ್ಟು’ ಎಂಬ ಸಂದೇಶ ಬಂದರೆ ಕೇಳಿ: ಯಾರಲ್ಲಿ ನೋಡಿದ್ದು? ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಎಷ್ಟು ಜನರಲ್ಲಿ?

ಖಾಲಾ ಈಗ ಮನೆಯಲ್ಲಿದ್ದಾರೆ. ಗಂಜಿ, ಮೆತ್ತಗಿನ ಅನ್ನ ಊಟ ಮಾಡುತ್ತಾರೆ, ಮಾತು ನಿಧಾನ. ಎಲೆಯ ಡಬ್ಬಿಯನ್ನು ಅವರೇ ಹೊರಗೆ ಎಸೆದರು. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು. ನಾನು ಮಾಫಿ ಕೇಳಿದಾಗ, ‘ನೀನು ನನ್ನ ಒಳ್ಳೇದಕ್ಕೇ ಕಳಿಸಿದ್ದಲ್ಲ’ ಎಂದು ತಲೆ ಸವರಿದರು. ಅವರು ಕ್ಷಮಿಸಿದರೂ ಆ ಎರಡು ತಿಂಗಳು ವಾಪಸ್ ಬರುವುದಿಲ್ಲ. ಈ ಲೇಖನವನ್ನು ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ‘ಬರಿ, ಆದರೆ ಈ ಸಲ ಪೂರ್ತಿ ಓದಿ ಬರಿ’ ಎಂದರು.

ಪೂರ್ತಿ ಓದಿ ಬರೆದಿದ್ದೇನೆ. ಇದನ್ನು ಮನೆಯ ಗ್ರೂಪಿಗೆ ಕಳಿಸುವುದಾದರೆ ನೀವೂ ಪೂರ್ತಿ ಓದಿಯೇ ಕಳಿಸಿ.